ಶಾಲಾ ಬ್ಯಾಂಡ್: ಮೊದಲು ಕಿವಿ, ಆಮೇಲೆ ತುಟಿ, ಕೊನೆಗೆ ಬೆರಳು

ಪ್ರಶ್ನೆ: ನಾನು ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ತಾಲ್ಲೂಕಿನ ಅನುದಾನಿತ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿ. ಹಳೆಯ ವಿದ್ಯಾರ್ಥಿಗಳು ಸೇರಿ ಶಾಲೆಗೆ ಬ್ಯಾಂಡ್ ಸೆಟ್ ಕೊಡಿಸಿದ್ದಾರೆ. ಆರು ಟ್ರಂಪೆಟ್, ಆರು ಕ್ಲ್ಯಾರಿನೆಟ್, ನಾಲ್ಕು ಫ್ಲೂಟ್, ಎರಡು ಟ್ರಾಂಬೋನ್, ಎರಡು ಯೂಫೋನಿಯಂ, ನಾಲ್ಕು ಸೈಡ್ ಡ್ರಮ್, ಒಂದು ಬೇಸ್ ಡ್ರಮ್, ಒಂದು ಜೊತೆ ಸಿಂಬಲ್ಸ್. ಎಂಟನೇ ತರಗತಿಯ 26 ಮಕ್ಕಳು ಹೆಸರು ಕೊಟ್ಟಿದ್ದಾರೆ. ವಾರಕ್ಕೆ 40 ನಿಮಿಷದ ಮೂರು ಅವಧಿ ಸಿಗುತ್ತದೆ. ಎನ್‌ಸಿಸಿಯಲ್ಲಿ ಸೈಡ್ ಡ್ರಮ್ ಬಾರಿಸಿದ್ದು, ಚಿಕ್ಕಂದಿನಲ್ಲಿ ಸರಳೆ ವರಸೆ ಹಾಡಿದ್ದು ಬಿಟ್ಟರೆ ನನಗೆ ಬೇರೆ ಸಂಗೀತ ಗೊತ್ತಿಲ್ಲ. ಆಗಸ್ಟ್ 15ಕ್ಕೆ ಮಕ್ಕಳು ರಾಷ್ಟ್ರಗೀತೆ ನುಡಿಸಬೇಕೆಂದು ಮುಖ್ಯ ಶಿಕ್ಷಕರ ಆಸೆ. ಎಲ್ಲಿಂದ ಆರಂಭಿಸಲಿ?

ಉತ್ತರ: ಮೇಡಂ, ನಿಮ್ಮ ಪತ್ರದ ಕೊನೆಯ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಆಗಸ್ಟ್ 15ಕ್ಕೆ ರಾಷ್ಟ್ರಗೀತೆ ಬೇಡ. ಜೂನ್ ಮೊದಲ ವಾರದಿಂದ ಎಣಿಸಿದರೂ ನಿಮಗಿರುವುದು ಹತ್ತು ವಾರ, ಮೂವತ್ತು ಅವಧಿ, ಒಟ್ಟು 20 ಗಂಟೆ. ಅದರಲ್ಲೂ ಮಳೆಗೆ, ಕ್ರೀಡಾಕೂಟಕ್ಕೆ, ಕಿರುಪರೀಕ್ಷೆಗೆ ಒಂದಷ್ಟು ಹೋಗುತ್ತದೆ. ರಾಷ್ಟ್ರಗೀತೆ ಕೇಳುವುದಕ್ಕೆ 52 ಸೆಕೆಂಡುಗಳದ್ದು. ಊದುವವರಿಗೆ ಅದು ಕೆಳಗಿನ ನಿಷಾದಕ್ಕೆ (‘ನಿ’) ಇಳಿದು, ಕೊನೆಯ ‘ಜಯ ಹೇ’ಗಳಲ್ಲಿ ಮೇಲಿನ ಷಡ್ಜಕ್ಕೆ (‘ಸ’) ಏರುವ ರಚನೆ. ಹತ್ತು ವಾರದ ತುಟಿಗೆ ಐದು ಸ್ವರ ಒಲಿದರೆ ಅದೇ ದೊಡ್ಡದು.

ಇದನ್ನು ಇಷ್ಟು ಖಡಾಖಂಡಿತವಾಗಿ ಹೇಳಲು ಕಾರಣವಿದೆ. ಮೊದಲ ಬಾರಿ ನಾನು ಕಲಿಸಿದ ಶಾಲೆಯಲ್ಲೂ ಇದೇ ಬೇಡಿಕೆ ಬಂದಿತ್ತು. ನಾನು ಒಪ್ಪಿಕೊಂಡೆ. ಮಕ್ಕಳು ಸ್ವರ ಕೇಳದೆಯೇ ಬೆರಳುಗಳನ್ನು ಬಾಯಿಪಾಠ ಮಾಡಿದರು. ಮೇಲಿನ ಸ್ವರ ಬಾರದಿದ್ದಾಗ ಟ್ರಂಪೆಟ್ಟನ್ನು ತುಟಿಗೆ ಒತ್ತಿ ಒತ್ತಿ ಹೊರಡಿಸಿದರು. ಹಾಗೆ ಒತ್ತಿದಾಗ ತುಟಿಯ ಮೇಲೆ ಸಣ್ಣ ಬಳೆಯ ಅಚ್ಚಿನಂತೆ ಕೆಂಪು ವರ್ತುಲ ಮೂಡುತ್ತದೆ. ಒಬ್ಬ ಹುಡುಗನಿಗೆ ಆ ಗುರುತು ಸಂಜೆಯಾದರೂ ಮಾಸಿರಲಿಲ್ಲ. ಸ್ವಾತಂತ್ರ್ಯ ದಿನದಂದು ಹೇಗೋ ಮುಗಿಯಿತು, ವೇದಿಕೆಯ ಮೇಲಿದ್ದವರು ಚಪ್ಪಾಳೆಯನ್ನೂ ತಟ್ಟಿದರು. ದಸರಾ ರಜೆ ಮುಗಿಯುವಷ್ಟರಲ್ಲಿ ಅರ್ಧಕ್ಕರ್ಧ ಮಕ್ಕಳು ಬಿಟ್ಟು ಹೋದರು. ಉಳಿದವರ ಒತ್ತುವ ಚಟ ಬಿಡಿಸಲು ನನಗೆ ಒಂದೂವರೆ ವರ್ಷ ಹಿಡಿಯಿತು. ಅದು ಮಕ್ಕಳ ತಪ್ಪಲ್ಲ, ನನ್ನ ತಪ್ಪು.

ಮುಖ್ಯ ಶಿಕ್ಷಕರಿಗೆ ಬರಿಗೈಯಲ್ಲಿ ‘ಆಗದು’ ಎನ್ನಬೇಡಿ, ಬದಲಿಗೆ ಒಂದು ವೇಳಾಪಟ್ಟಿ ಕೊಡಿ. ಆಗಸ್ಟ್ 15ರಂದು ಡ್ರಮ್ ಮತ್ತು ಸಿಂಬಲ್ಸ್ ಮಾತ್ರ ಪಥಸಂಚಲನಕ್ಕೆ ನಡೆ ಕೊಡುತ್ತವೆ, ಇದನ್ನು ನೀವೇ ಚೆನ್ನಾಗಿ ಕಲಿಸಬಲ್ಲಿರಿ. ಊದುವ ಇಪ್ಪತ್ತು ಮಕ್ಕಳು ಅಂದು ರಾಷ್ಟ್ರಗೀತೆಯನ್ನು ಶ್ರುತಿಗೆ ಸೇರಿಸಿ ಹಾಡಲಿ. ನವೆಂಬರ್ 1ರ ರಾಜ್ಯೋತ್ಸವಕ್ಕೆ ಐದು ಸ್ವರದ ಒಂದು ಜನಪದ ಮಟ್ಟು. ಜನವರಿ 26ಕ್ಕೆ ರಾಷ್ಟ್ರಗೀತೆ. ಹೀಗೆ ದಿನಾಂಕ ಹಾಕಿ ಬರೆದುಕೊಟ್ಟರೆ ಒಪ್ಪದ ಮುಖ್ಯ ಶಿಕ್ಷಕರನ್ನು ನಾನು ಹೆಚ್ಚು ಕಂಡಿಲ್ಲ. ನಾಡಗೀತೆಯ ಆಸೆಯನ್ನೂ ಮುಂದಿನ ವರ್ಷಕ್ಕೆ ಇಡಿ. ಸರ್ಕಾರ ಅದಕ್ಕೆ ನಿಗದಿ ಮಾಡಿರುವ ಅವಧಿಯೇ ಎರಡೂವರೆ ನಿಮಿಷ, ಮೊದಲ ವರ್ಷದ ತುಟಿ ಅಷ್ಟು ಹೊತ್ತು ತಾಳುವುದಿಲ್ಲ.

ಈಗ ಮುಖ್ಯ ವಿಷಯ. ಟ್ರಂಪೆಟ್ಟಿಗೆ ಇರುವುದು ಮೂರೇ ವಾಲ್ವ್, ಅಂದರೆ ಬೆರಳಿನಿಂದ ಒತ್ತುವ ಗುಂಡಿ. ಒಂದನ್ನೂ ಒತ್ತದೆ ಊದಿದರೆ ಷಡ್ಜವೂ ಬರುತ್ತದೆ, ಪಂಚಮವೂ ಬರುತ್ತದೆ. ಬೆರಳು ಅದೇ, ಸ್ವರ ಬೇರೆ. ಯಾವುದು ಹೊರಡಬೇಕೆಂದು ನಿರ್ಧರಿಸುವುದು ತುಟಿಯ ಬಿಗಿ ಮತ್ತು ಉಸಿರಿನ ವೇಗ. ಆ ಎರಡಕ್ಕೂ ಅಪ್ಪಣೆ ಕೊಡುವುದು ಕಿವಿ. ಊದುವ ಮೊದಲೇ ‘ಪ’ ಮನಸ್ಸಿನಲ್ಲಿ ಕೇಳದ ಮಗುವಿಗೆ ಪಂಚಮ ಬಂದರೆ ಅದು ಅದೃಷ್ಟ, ಕಲಿಕೆಯಲ್ಲ. ಹಾರ್ಮೋನಿಯಂನಲ್ಲಿ ಮನೆ ಒತ್ತಿದರೆ ಸ್ವರ ತಾನಾಗಿ ಸಿದ್ಧವಿರುತ್ತದೆ, ಇಲ್ಲಿ ಹಾಗಿಲ್ಲ. ಆದ್ದರಿಂದ ಮೊದಲ ಎರಡು ವಾರ ಪೆಟ್ಟಿಗೆಗಳು ಬೀರುವಿನಲ್ಲೇ ಇರಲಿ. ಮಕ್ಕಳು ಹಟ ಮಾಡುತ್ತಾರೆ, ಮಾಡಲಿ.

ಆ ಎರಡು ವಾರ ನಿಮ್ಮ ಸರಳೆ ವರಸೆ ಕೆಲಸಕ್ಕೆ ಬರುತ್ತದೆ, ಒಂದು ಬದಲಾವಣೆಯೊಂದಿಗೆ. ನೀವು ಕಲಿತದ್ದು ಮಾಯಾಮಾಳವಗೌಳ ರಾಗದಲ್ಲಿ ಇರಬೇಕು. ಬ್ಯಾಂಡಿನ ಮೂಲ ಸ್ವರಶ್ರೇಣಿ ನಮ್ಮ ಶಂಕರಾಭರಣ ರಾಗದ್ದು, ಅದರಲ್ಲೇ ಹಾಡಿಸಿ. ಶ್ರುತಿಗೆ ಊರಿನ ಭಜನೆ ಮನೆಯ ಹಾರ್ಮೋನಿಯಂ ಸಾಕು. ಅದರಲ್ಲಿ ‘ಕಪ್ಪು ಐದು’ ಎನ್ನುವ ಮನೆ ಇರುತ್ತದೆ, ಅದನ್ನೇ ‘ಸ’ ಎಂದು ಹಿಡಿಯಿರಿ. ಇಂಗ್ಲಿಷ್ ಪದ್ಧತಿಯವರು ಅದನ್ನು ಬಿ ಫ್ಲ್ಯಾಟ್ ಎನ್ನುತ್ತಾರೆ. ನಿಮ್ಮ ಟ್ರಂಪೆಟ್, ಕ್ಲ್ಯಾರಿನೆಟ್, ಟ್ರಾಂಬೋನ್, ಯೂಫೋನಿಯಂಗಳಿಗೆ ಅತ್ಯಂತ ಸಹಜವಾದ ಷಡ್ಜ ಅದು. ಸ ರಿ ಗ ಮ ಪ, ಇಷ್ಟೇ. ಒಬ್ಬೊಬ್ಬರಾಗಿ, ಇಬ್ಬಿಬ್ಬರಾಗಿ, ಕಣ್ಣು ಮುಚ್ಚಿ. ನೀವು ‘ಸ’ ನುಡಿಸಿ ನಿಲ್ಲಿಸಿ, ಮಗು ‘ಪ’ ಹಾಡಲಿ, ಆಮೇಲೆ ಹಾರ್ಮೋನಿಯಂನಲ್ಲಿ ಒತ್ತಿ ತಾಳೆ ನೋಡಿ. ಈ ಆಟ ಮಕ್ಕಳಿಗೆ ಬಲು ಇಷ್ಟ.

ಸ್ವರಾಕ್ಷರದಿಂದ ಇನ್ನೊಂದು ಲಾಭವಿದೆ. ಪಾಶ್ಚಾತ್ಯ ಲಿಪಿಯಲ್ಲಿ ಟ್ರಂಪೆಟ್ಟಿನವರು ‘ಸಿ’ ಎಂದು ಓದಿ ಊದಿದರೆ ಹೊರಡುವುದು ಬಿ ಫ್ಲ್ಯಾಟ್. ಫ್ಲೂಟಿನವರು ‘ಸಿ’ ಎಂದರೆ ‘ಸಿ’ಯೇ ಹೊರಡುತ್ತದೆ. ಮೊದಲ ದಿನವೇ ಇದನ್ನು ವಿವರಿಸಲು ಹೊರಟರೆ ಮಕ್ಕಳ ತಲೆ ಕೆಡುತ್ತದೆ. ನೀವು ‘ಸ’ ಎಂದರೆ 20 ಮಕ್ಕಳೂ ಒಂದೇ ಸ್ವರ ಊದುತ್ತಾರೆ. ಐದು ಗೆರೆಯ ಲಿಪಿಯನ್ನು ದಸರಾ ರಜೆ ಕಳೆದ ಮೇಲೆ ಕಲಿಸಿ, ಆದರೆ ಕಲಿಸದೆ ಬಿಡಬೇಡಿ. ಬ್ಯಾಂಡಿನ ಮುದ್ರಿತ ರಚನೆಗಳೆಲ್ಲ ಅದರಲ್ಲೇ ಇವೆ.

ಇದೇ ಎರಡು ವಾರದಲ್ಲಿ ಯಾರಿಗೆ ಯಾವ ವಾದ್ಯ ಎಂಬುದೂ ತೀರ್ಮಾನವಾಗಬೇಕು. ಹಾಜರಿ ಪುಸ್ತಕದ ಕ್ರಮದಲ್ಲಿ ಹಂಚಬೇಡಿ. ಹುಡುಗಿಯರಿಗೆ ಫ್ಲೂಟ್, ಹುಡುಗರಿಗೆ ಡ್ರಮ್ ಎಂಬ ಹಳೆಯ ಹಂಚಿಕೆಯಂತೂ ಬೇಡವೇ ಬೇಡ. ನಾನು ಕಂಡ ಅತ್ಯಂತ ಗಟ್ಟಿ ಟ್ರಾಂಬೋನ್ ಉಸಿರು ಒಬ್ಬ ಹುಡುಗಿಯದು. ಪ್ರತಿ ಮಗುವಿನ ಬಾಯಿ, ಕೈ, ಕಿವಿ ನೋಡಿ. ಫ್ಲೂಟಿಗೆ ಪರೀಕ್ಷೆ ಸುಲಭ: ಖಾಲಿ ಸೋಡಾ ಬಾಟಲಿಯ ಬಾಯಂಚಿಗೆ ಊದಿಸಿ. ನಾಲ್ಕೈದು ಪ್ರಯತ್ನದಲ್ಲಿ ಹೂಂಕಾರ ಬಂದ ಮಗು ಫ್ಲೂಟಿಗೆ ಸರಿ. ಮೇಲ್ದುಟಿಯ ನಡುವೆ ಹನಿಯಂತೆ ಕೆಳಗಿಳಿದ ತುದಿಯಿದ್ದರೆ ಗಾಳಿ ಎರಡಾಗಿ ಒಡೆಯುತ್ತದೆ, ಅಂಥ ಮಗುವಿಗೆ ಬೇರೆ ವಾದ್ಯ ಒಳ್ಳೆಯದು. ಕ್ಲ್ಯಾರಿನೆಟ್ಟಿಗೆ ಬೆರಳ ತುದಿಯ ದಿಂಬು ರಂಧ್ರವನ್ನು ಪೂರ್ತಿ ಮುಚ್ಚಬೇಕು. ತೀರಾ ಸಣ್ಣ ಬೆರಳಿನ ಮಗುವಿಗೆ ಅಲ್ಲಿ ಬರೀ ಕೀಚಲು ಸದ್ದೇ ಬಂದು ಮನಸ್ಸು ಮುರಿಯುತ್ತದೆ. ಟ್ರಂಪೆಟ್ಟಿಗೆ ಮುಂದಿನ ಹಲ್ಲುಗಳು ಹೆಚ್ಚುಕಡಿಮೆ ಸಮವಾಗಿದ್ದರೆ ಅನುಕೂಲ. ಯೂಫೋನಿಯಂನ ಮೌತ್‌ಪೀಸ್ (ತುಟಿಗೆ ಇಟ್ಟು ಊದುವ ತುಂಡು) ದೊಡ್ಡದು, ದಪ್ಪ ತುಟಿಯವರಿಗೆ ಹಿತ. ಟ್ರಾಂಬೋನಿಗೆ ಕೈ ಉದ್ದವಿರಬೇಕು. ಅದಕ್ಕಿಂತ ಮುಖ್ಯವಾಗಿ ಕಿವಿ ಚುರುಕಾಗಿರಬೇಕು, ಏಕೆಂದರೆ ಸ್ವರ ಬದಲಿಸಲು ಹಿಂದೆ ಮುಂದೆ ಎಳೆಯುವ ಅದರ ಕೊಳವೆಯ, ಅಂದರೆ ಸ್ಲೈಡಿನ, ಮೇಲೆ ಸ್ವರದ ಗುರುತು ಹಾಕಿರುವುದಿಲ್ಲ. ಹಾಡುವಾಗ ಶ್ರುತಿ ತಪ್ಪದ ಇಬ್ಬರನ್ನು ಅದಕ್ಕೆ ಆರಿಸಿ.

ಡ್ರಮ್ಮಿನ ಬಗ್ಗೆ ಕಟ್ಟುನಿಟ್ಟಾಗಿರಿ. ಎಲ್ಲರಿಗೂ ಡ್ರಮ್ಮೇ ಬೇಕು. ಊದಲು ಬಾರದವರನ್ನು ಡ್ರಮ್ಮಿಗೆ ತಳ್ಳುವ ಪದ್ಧತಿಯೂ ನಮ್ಮ ಶಾಲೆಗಳಲ್ಲಿದೆ, ಅದು ಬ್ಯಾಂಡಿನ ಬೆನ್ನುಮೂಳೆಯನ್ನೇ ಮುರಿಯುವ ಕೆಲಸ. ಲಯ ಅಲುಗದ ಆರು ಮಕ್ಕಳು ನಿಮಗೆ ಬೇಕು. ಎಲ್ಲರನ್ನೂ ನಿಲ್ಲಿಸಿ ಕಾಲಿನಲ್ಲಿ ಹೆಜ್ಜೆ ಹಾಕಿಸುತ್ತ ಕೈಯಲ್ಲಿ ಬೇರೆ ಪೆಟ್ಟು ತಟ್ಟಿಸಿ. ಹೆಜ್ಜೆ ಓಡದೆ, ಕುಂಟದೆ ಉಳಿದವರು ಯಾರೆಂದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಜಾತ್ರೆಯಲ್ಲಿ ಸಮಾಳ ಬಾರಿಸುವ ಮನೆಯ, ನಂದಿಕೋಲಿನ ಹಿಂದೆ ಕುಣಿದು ಬೆಳೆದ, ಡೊಳ್ಳು ಹೊತ್ತ ಮಗು ನಿಮ್ಮ ತರಗತಿಯಲ್ಲಿ ಖಂಡಿತ ಇರುತ್ತದೆ. ಆ ಮಗುವಿನ ಮೈಯಲ್ಲಿ ಲಯ ಆಗಲೇ ಮನೆ ಮಾಡಿದೆ, ನೀವು ಕೋಲು ಹಿಡಿಯುವ ಕ್ರಮ ಹೇಳಿಕೊಟ್ಟರೆ ಸಾಕು. ಅಭ್ಯಾಸಕ್ಕೆ ಡ್ರಮ್ ಬೇಡ: ಹಲಗೆಯ ತುಂಡಿಗೆ ಹಳೆಯ ಟ್ರ್ಯಾಕ್ಟರ್ ಟ್ಯೂಬಿನ ರಬ್ಬರ್ ಬಿಗಿದು ಮೊಳೆ ಹೊಡೆಯಿರಿ. ಕೋಲು ಪುಟಿಯುತ್ತದೆ, ಪಕ್ಕದ ಗಣಿತದ ತರಗತಿಗೆ ತೊಂದರೆಯಿಲ್ಲ. ಕೊನೆಗೆ ನಡಿಗೆಯ ವೇಗ ನಿಮಿಷಕ್ಕೆ 120 ಹೆಜ್ಜೆಯ ಆಸುಪಾಸಿಗೆ ಬರಬೇಕು, ಆರಂಭ 70ರಲ್ಲಿ ಇರಲಿ.

ಮೂರನೇ ವಾರ ಮೌತ್‌ಪೀಸ್ ಮಾತ್ರ ಹೊರಬರುತ್ತದೆ, ವಾದ್ಯ ಇನ್ನೂ ಇಲ್ಲ. ಟ್ರಂಪೆಟ್, ಟ್ರಾಂಬೋನ್, ಯೂಫೋನಿಯಂ ಮಕ್ಕಳಿಗೆ ‘ಮ್’ ಎನ್ನಲು ಹೇಳಿ. ಆ ಅಕ್ಷರಕ್ಕೆ ತುಟಿ ಹೇಗೆ ಮುಚ್ಚುತ್ತದೆಯೋ ಅದೇ ಸರಿಯಾದ ಸ್ಥಿತಿ. ತುಟಿಯ ಮೂಲೆಗಳು ಬಿಗಿ, ನಡುವೆ ಸಡಿಲ, ಕೆನ್ನೆ ಉಬ್ಬಬಾರದು. ಹಾಗೇ ಗಾಳಿ ಬಿಟ್ಟರೆ ದುಂಬಿಯ ಝೇಂಕಾರದಂಥ ಸದ್ದು ಬರಬೇಕು. ಮಕ್ಕಳು ಲಾರಿ ಓಡಿಸುವ ಆಟದಲ್ಲಿ ಮಾಡುವ ‘ಬುರ್ರ್’ ಅಲ್ಲ, ಅಲ್ಲಿ ತುಟಿ ಪೂರ್ತಿ ಸಡಿಲವಾಗಿರುತ್ತದೆ. ಮೌತ್‌ಪೀಸಿನಲ್ಲೇ ‘ಸ’ದಿಂದ ‘ಪ’ಕ್ಕೆ ಜಾರಿಸಲು ಬಂದ ದಿನ ಆ ಮಗುವಿಗೆ ವಾದ್ಯ ಕೊಡಿ. ಕ್ಲ್ಯಾರಿನೆಟ್ಟಿನವರಿಗೆ ಮೌತ್‌ಪೀಸ್ ಜೊತೆಗೆ ಅದರ ಕೆಳಗಿನ ಬ್ಯಾರೆಲ್ ತುಂಡು, ಫ್ಲೂಟಿನವರಿಗೆ ತಲೆಯ ತುಂಡು ಕೊಡಿ. ನಾಲಿಗೆಗೆ ‘ತು’ ಹೇಳಿಕೊಡಿ. ದಂತ್ಯವಾದ ‘ತ’ ನಮ್ಮಲ್ಲಿ ಇರುವುದು ಒಂದು ಭಾಗ್ಯ: ಮೇಲ್ಹಲ್ಲಿನ ಹಿಂದೆ ನಾಲಿಗೆ ಮುಟ್ಟಬೇಕಾದ ಜಾಗ ಅದೇ. ಕ್ಲ್ಯಾರಿನೆಟ್ಟಿನಲ್ಲಿ ನಾಲಿಗೆಯ ತುದಿ ಹಲ್ಲಿನ ಬದಲು ರೀಡಿನ (ಮೌತ್‌ಪೀಸಿಗೆ ಬಿಗಿದ ತೆಳುವಾದ ಪಟ್ಟಿ) ತುದಿಯನ್ನು ಮುಟ್ಟುತ್ತದೆ. ‘ಹು’ ಎಂದು ಗಂಟಲಿನಿಂದ ಸ್ವರ ಆರಂಭಿಸುವ ಮಗುವನ್ನು ಅಂದೇ ತಿದ್ದಿ.

ಉಸಿರಿಗೆ ಒಂದು ಅಭ್ಯಾಸ ಸಾಕು. ಅಂಗೈಯಗಲದ ಕಾಗದದ ಚೂರನ್ನು ಗೋಡೆಗೆ ಹಿಡಿದು, ಒಂದು ಗೇಣು ದೂರದಿಂದ ಊದುತ್ತ ಕೈ ಬಿಡಬೇಕು. ಎಂಟು ಎಣಿಸುವವರೆಗೆ ಕಾಗದ ಗೋಡೆಗೆ ಅಂಟಿರಬೇಕು. ಭುಜ ಮೇಲೇಳದೆ, ಹೊಟ್ಟೆ ಉಬ್ಬುವಂತೆ ಉಸಿರು ಎಳೆದವರ ಕಾಗದ ಮಾತ್ರ ನಿಲ್ಲುತ್ತದೆ, ಮಕ್ಕಳು ಅದನ್ನು ತಾವೇ ಕಂಡುಕೊಳ್ಳುತ್ತಾರೆ. ತಲೆ ಸುತ್ತಿದರೆ ಕೂತು ಸಾಧಾರಣವಾಗಿ ಉಸಿರಾಡಲಿ, ಹೊಸಬರಿಗೆ ಅದು ಆಗುವಂಥದ್ದೇ. ಉಬ್ಬಸ ಇರುವ ಮಗುವನ್ನು ನೀವಾಗಿ ಹೊರಗಿಡಬೇಡಿ, ಮನೆಯವರು ವೈದ್ಯರನ್ನು ಕೇಳಿ ಬರಲಿ.

ನಾಲ್ಕನೇ ವಾರದಿಂದ ವಾದ್ಯ. ಬೆರಳುಗಳ ಲೆಕ್ಕ ಇಲ್ಲೇ ಬರೆದುಬಿಡುತ್ತೇನೆ, ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಿ. ಟ್ರಂಪೆಟ್ ಮತ್ತು ಯೂಫೋನಿಯಂಗೆ ‘ಸ’ ಖಾಲಿ (ಯಾವ ವಾಲ್ವೂ ಒತ್ತದೆ), ‘ರಿ’ ಒಂದು ಮತ್ತು ಮೂರನೇ ವಾಲ್ವ್, ‘ಗ’ ಒಂದು ಮತ್ತು ಎರಡು, ‘ಮ’ ಒಂದು ಮಾತ್ರ, ‘ಪ’ ಮತ್ತೆ ಖಾಲಿ. ಟ್ರಾಂಬೋನ್ ಸ್ಲೈಡ್ ಇದೇ ಕ್ರಮದಲ್ಲಿ ಒಂದು, ಆರು, ನಾಲ್ಕು, ಮೂರು, ಒಂದನೇ ಸ್ಥಾನ. ಕ್ಲ್ಯಾರಿನೆಟ್ ಚೆಂದ: ಎಡಗೈ ಹೆಬ್ಬೆರಳು ಹಿಂದೆ, ಮೂರು ಬೆರಳು ಮುಂದೆ ಮುಚ್ಚಿದರೆ ‘ಸ’. ಕೆಳಗಿನಿಂದ ಒಂದೊಂದೇ ಬೆರಳು ಎತ್ತುತ್ತ ಹೋದರೆ ‘ರಿ’, ‘ಗ’, ಹೆಬ್ಬೆರಳು ಮಾತ್ರ ಉಳಿದಾಗ ‘ಮ’, ಅದನ್ನೂ ಬಿಟ್ಟರೆ ‘ಪ’. ಫ್ಲೂಟಿನ ನಾಲ್ವರಿಗೆ ಮಾತ್ರ ತಾಳ್ಮೆ ಬೇಕು. ಅವರಿಗೆ ‘ರಿ’ಯಲ್ಲಿ ಹೆಚ್ಚಿನ ಬೆರಳುಗಳು ಮೇಲಿರುತ್ತವೆ, ‘ಗ’ಕ್ಕೆ ಹೋಗುವಾಗ ಬಹುತೇಕ ಎಲ್ಲವೂ ಒಟ್ಟಿಗೆ ಕೆಳಗಿಳಿಯಬೇಕು. ಆ ದಾಟು ಬರುವವರೆಗೆ ಉಳಿದವರು ಕಾಯಲಿ.

ಮೂರು ಅವಧಿಯಲ್ಲಿ ಎಲ್ಲರನ್ನೂ ಒಟ್ಟಿಗೆ ಕೂರಿಸಬೇಡಿ. ಒಂದು ಅವಧಿ ಫ್ಲೂಟ್ ಮತ್ತು ಕ್ಲ್ಯಾರಿನೆಟ್ಟಿಗೆ, ಒಂದು ಹಿತ್ತಾಳೆ ವಾದ್ಯಗಳಿಗೆ, ಆ ಎರಡರಲ್ಲೂ ಡ್ರಮ್ಮಿನವರು ಹೊರಗೆ ಹಲಗೆಯ ಮೇಲೆ. ಮೂರನೆಯದು ಎಲ್ಲರಿಗೂ. ಆ ಮೂರನೇ ಅವಧಿ ಪ್ರತಿ ವಾರ ಒಂದೇ ರೀತಿ ಆರಂಭವಾಗಲಿ: ಮೌನ, ಹಾರ್ಮೋನಿಯಂನ ‘ಸ’, ಎಲ್ಲರೂ ಹಾಡುವುದು, ಆಮೇಲೆ ಅದೇ ‘ಸ’ವನ್ನು ಎಂಟು ಮಾತ್ರೆ ಊದುವುದು. ಮಧ್ಯೆ ಯಾರೂ ತಮ್ಮಷ್ಟಕ್ಕೆ ‘ಪೀಂ’ ಎನ್ನಬಾರದು. ಕೈ ಎತ್ತಿದಾಗ ವಾದ್ಯ ತುಟಿಗೆ, ಇಳಿಸಿದಾಗ ತೊಡೆಗೆ. ಕವಾಯತು ಮಾಡಿಸಿದ ನಿಮಗೆ ಇದು ನನಗಿಂತ ಚೆನ್ನಾಗಿ ಬರುತ್ತದೆ. ಮೈದಾನದಲ್ಲಿ ಅಭ್ಯಾಸ ಬೇಡ, ಬಯಲಿನಲ್ಲಿ ತಮ್ಮ ಸದ್ದು ತಮಗೇ ಕೇಳದೆ ಮಕ್ಕಳು ಕಿರುಚಿದಂತೆ ಊದತೊಡಗುತ್ತಾರೆ. ಊದುತ್ತ ನಡೆಯುವುದಂತೂ ಮೊದಲ ವರ್ಷ ಬೇಡ. ಎಡವಿದರೆ ಪೆಟ್ಟು ಹಲ್ಲಿಗೇ.

ನವೆಂಬರಿನ ಮಟ್ಟನ್ನು ಪುಸ್ತಕದಲ್ಲಿ ಹುಡುಕಬೇಡಿ. ನಿಮ್ಮೂರಿನ ಅಜ್ಜಿಯರ ಸೋಬಾನೆ, ಕೋಲಾಟದ ಪದಗಳಲ್ಲಿ ನಾಲ್ಕೈದು ಸ್ವರದೊಳಗೇ ತಿರುಗುವ ಮಟ್ಟುಗಳು ಬೇಕಾದಷ್ಟಿವೆ. ಮಕ್ಕಳೇ ಮನೆಯಲ್ಲಿ ಕೇಳಿಕೊಂಡು ಬಂದು, ತರಗತಿಯಲ್ಲಿ ಹಾಡಿ, ಸ್ವರ ಕಂಡುಹಿಡಿಯಲಿ. ತನ್ನ ಅಜ್ಜಿಯ ಪದ ಟ್ರಂಪೆಟ್ಟಿನಲ್ಲಿ ಕೇಳಿದ ಮಗು ಮತ್ತೆ ಬ್ಯಾಂಡ್ ಬಿಡುವುದಿಲ್ಲ.

ಬಿಸಿಯೂಟದ ನಂತರದ ಅವಧಿ ಬೇಡವೆಂದು ಮೊದಲೇ ಕೇಳಿಕೊಳ್ಳಿ. ತುಂಬಿದ ಹೊಟ್ಟೆಯಲ್ಲಿ ಆಳವಾದ ಉಸಿರು ಬರುವುದಿಲ್ಲ, ಅನ್ನದ ಅಗುಳು ವಾದ್ಯದೊಳಗೆ ಹೋಗುತ್ತದೆ. ಬೆಳಿಗ್ಗೆ ಹಾಲು ಕುಡಿದು ಬಂದವರೂ ಬಾಯಿ ಮುಕ್ಕಳಿಸಲೇಬೇಕು. ಸಿಹಿಯ ಅಂಟು ಕ್ಲ್ಯಾರಿನೆಟ್ಟಿನ ರಂಧ್ರ ಮುಚ್ಚುವ ಪ್ಯಾಡುಗಳನ್ನು ಹಿಡಿದುಕೊಳ್ಳುತ್ತದೆ. ಒಂದು ಮೌತ್‌ಪೀಸ್ ಒಂದೇ ಮಗುವಿನದು, ವಾರಕ್ಕೊಮ್ಮೆ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಲಿ. ಕುದಿಯುವ ನೀರು ಕ್ಲ್ಯಾರಿನೆಟ್ ಮೌತ್‌ಪೀಸನ್ನು ಕೆಡಿಸುತ್ತದೆ. ಅದೇ ಮೌತ್‌ಪೀಸ್ ಮನೆಗೂ ಹೋಗಲಿ, ದಿನಕ್ಕೆ ಹತ್ತು ನಿಮಿಷದ ಅಭ್ಯಾಸಕ್ಕೆ ಅಷ್ಟು ಸಾಕು. ದೊಡ್ಡ ವಾದ್ಯಗಳು ಈ ವರ್ಷ ಹಳ್ಳಿಯ ಬಸ್ಸಿನ ನೂಕುನುಗ್ಗಲಿಗೆ ಹೋಗುವುದು ಬೇಡ. ರೀಡುಗಳು ಎರಡನೇ ನಂಬರಿನವು, ಪ್ರತಿ ಮಗುವಿಗೆ ಮೂರು ಇರಲಿ. ವಾಲ್ವಿಗೆ ವಾಲ್ವ್ ಎಣ್ಣೆಯೇ ಬೇಕು, ಕೊಬ್ಬರಿ ಎಣ್ಣೆ ಹಾಕಿದರೆ ಚಳಿಗಾಲದ ಬೆಳಿಗ್ಗೆ ಗಟ್ಟಿಯಾಗಿ ವಾಲ್ವ್ ಸಿಕ್ಕಿಕೊಳ್ಳುತ್ತದೆ. ವಾಲ್ವುಗಳ ಮೇಲೆ ಒಂದು, ಎರಡು, ಮೂರು ಎಂಬ ಅಂಕಿ ಇರುತ್ತದೆ. ಅದಲುಬದಲು ಮಾಡಿ ಹಾಕಿದರೆ ಗಾಳಿ ಸರಿಯಾಗಿ ಹೋಗದೆ ಟ್ರಂಪೆಟ್ ಮೂಕವಾಗುತ್ತದೆ. ರಿಪೇರಿಗೆ ಕಳಿಸುವ ಮುನ್ನ ಅದನ್ನು ನೋಡಿ. ಮೌತ್‌ಪೀಸ್ ಸಿಕ್ಕಿಕೊಂಡರೆ ಇಕ್ಕಳ ಹಾಕಿ ತಿರುಚಬೇಡಿ. ಕ್ಲ್ಯಾರಿನೆಟ್ ಮರದ್ದಾಗಿದ್ದರೆ ನಮ್ಮ ಸೀಮೆಯ ಒಣ ಬೇಸಿಗೆಯಲ್ಲಿ ಸೀಳುತ್ತದೆ. ಶೀಟಿನ ಕೋಣೆಯಲ್ಲಿ ಇಡಬೇಡಿ.

ಮನೆಯವರ ಮಾತಿಗೂ ಸಿದ್ಧರಾಗಿರಿ. ‘ನಮ್ಮ ಹುಡುಗ ವಾಲಗ ಊದಲು ಹೋಗಬೇಕೇ’ ಎಂದು ಕೇಳುವವರು ಈಗಲೂ ಇದ್ದಾರೆ. ಆ ಮಾತಿನಲ್ಲಿ ವಾಲಗದವರ ಬಗ್ಗೆ ಇರುವ ತಾತ್ಸಾರ ನನಗೆ ಬಹಳ ನೋವು ಕೊಡುತ್ತದೆ. ನಾದಸ್ವರ ನುಡಿಸುವವರ ಮಗ ಕದ್ರಿ ಗೋಪಾಲನಾಥ್ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತು, ಅದನ್ನೇ ಕರ್ನಾಟಕ ಸಂಗೀತಕ್ಕೆ ತಂದು, 2004ರಲ್ಲಿ ಪದ್ಮಶ್ರೀ ಪಡೆದದ್ದನ್ನು ಪೋಷಕರ ಸಭೆಯಲ್ಲಿ ಹೇಳಿ. ಇನ್ನೂ ಒಂದು ಕೆಲಸ ಮಾಡಿ. ಹತ್ತಿರದ ಮದುವೆ ಬ್ಯಾಂಡಿನ ಹಿರಿಯ ಕ್ಲ್ಯಾರಿನೆಟ್ ವಾದಕರೊಬ್ಬರನ್ನು ತಿಂಗಳಿಗೊಮ್ಮೆ ಶಾಲೆಗೆ ಕರೆಯಿರಿ, ಮಕ್ಕಳ ಮುಂದೆ ಕುರ್ಚಿ ಹಾಕಿ ಕೂರಿಸಿ, ಗೌರವಧನ ಕೊಡಿ. ಒಳ್ಳೆಯ ನಾದ ಹೇಗಿರುತ್ತದೆಂದು ಕೇಳದ ಮಗು ಅದನ್ನು ಹೊರಡಿಸುವುದು ಹೇಗೆ? ಆ ಕೊರತೆಯನ್ನು ನೀವು ಮಾತಿನಲ್ಲಿ ತುಂಬಲಾರಿರಿ, ಅವರ ಐದು ನಿಮಿಷದ ವಾದನ ತುಂಬುತ್ತದೆ.

ನವೆಂಬರ್ ಕಳೆದ ಮೇಲೆ ಕೆಳಗಿನ ‘ನಿ’ ಸೇರಿಸಿ, ಆಮೇಲೆ ‘ಧ’, ಮೇಲಿನ ‘ನಿ’. ರಾಷ್ಟ್ರಗೀತೆಯನ್ನು ಸಾಲು ಸಾಲಾಗಿ, ಹಾಡಿದ ನಂತರವೇ ಊದಿಸಿ. ಕೊನೆಯ ಮೂರು ‘ಜಯ ಹೇ’ಗಳನ್ನು ಜನವರಿಗೂ ಎಲ್ಲ ಟ್ರಂಪೆಟ್ಟಿನವರೂ ಮುಟ್ಟಲಾರರು. ಮುಟ್ಟಬಲ್ಲ ಒಬ್ಬಿಬ್ಬರು ಮತ್ತು ಫ್ಲೂಟಿನವರು ಮೇಲಿನ ಸ್ಥಾಯಿಯಲ್ಲಿ ನುಡಿಸಲಿ. ಕ್ಲ್ಯಾರಿನೆಟ್ಟಿಗೆ ಅಲ್ಲಿ ಸ್ಥಾಯಿ ದಾಟುವುದು ಮೊದಲ ವರ್ಷಕ್ಕೆ ಕಷ್ಟ, ಅದೇ ಸ್ವರಗಳನ್ನು ಒಂದು ಸ್ಥಾಯಿ ಕೆಳಗೆ ಊದಿದರೆ ಕೈಗೆ ಸಲೀಸಾಗಿ ಸಿಗುತ್ತವೆ. ಉಳಿದ ಟ್ರಂಪೆಟ್ ಮಕ್ಕಳು ಆ ಮೂರು ತುಣುಕಿನಲ್ಲಿ ವಾದ್ಯ ಇಳಿಸಿ, ‘ಜಯ ಜಯ ಜಯ’ ಎಂದು ಕೆಳಗಿನ ‘ಸ’ದಿಂದ ಹತ್ತುವಾಗ ಮತ್ತೆ ಸೇರಿಕೊಳ್ಳಲಿ. ಯಾರ ತುಟಿಯ ಮೇಲೂ ಆ ಕೆಂಪು ವರ್ತುಲ ಇಲ್ಲವೆಂದು ಅಭ್ಯಾಸ ಮುಗಿದಾಗಲೆಲ್ಲ ಒಮ್ಮೆ ನೋಡಿ.